ಕೊಳ್ಳೇಗಾಲ ಸೀಮೆಯ ಕಬ್ಬೂ ಕೊರತೆಯ ನೀರೂ

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಯಾತ್ರಿಕರು ಒಂದೇ ಹಾದಿಯಲ್ಲಿ ಎರಡು ಬಗೆಯ ಭೂಮಿಯನ್ನು ಕಾಣುತ್ತಾರೆ. ಯಳಂದೂರು ಮತ್ತು ಕೊಳ್ಳೇಗಾಲದ ಸುತ್ತಿನಲ್ಲಿ ನಾಲೆಯ ನೀರು ಹರಿಯುವ ಗದ್ದೆಗಳೂ ಕಬ್ಬಿನ ತೋಟಗಳೂ ಇವೆ. ಹನೂರು ದಾಟಿದ ಮೇಲೆ ಕೆಂಪು ನೆಲ, ರಾಗಿ, ಹುರುಳಿ, ಅಲ್ಲಲ್ಲಿ ಒಂದೊಂದು ಕೊಳವೆ ಬಾವಿ, ಅದರ ಆಸರೆಯಲ್ಲಿ ಒಂದು ತುಂಡು ಕಬ್ಬು. ಈ ಎರಡು ಭೂಮಿಗಳಿಗೂ ಸಮಾನವಾದ ಸಂಗತಿಯೊಂದುಂಟು. ಕಬ್ಬಿಗೆ ಬೇಕಾದಷ್ಟು ನೀರು ಬೇಕಾದ ಹೊತ್ತಿಗೆ ಬರುವುದೆಂಬ ಭರವಸೆ ಎರಡು ಕಡೆಯಲ್ಲಿಯೂ ಇಲ್ಲ. ಹೀಗಿರಲು, ಕಡಮೆ ನೀರಿನಲ್ಲಿ ಯಾವ ತಳಿಯ ಕಬ್ಬು ಹೇಗೆ ನಡೆದುಕೊಳ್ಳುವುದೆಂಬುದು ವಿಜ್ಞಾನಿಗಳ ವಿನೋದದ ಪ್ರಶ್ನೆಯಲ್ಲ. ಅದು ಸಾವಿರಾರು ಒಕ್ಕಲು ಮನೆಗಳ ಸಾಲದ ಪ್ರಶ್ನೆ. ಅದನ್ನು ಸ್ವಲ್ಪ ಸಾವಧಾನವಾಗಿ ಪರ್ಯಾಲೋಚಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಮೊದಲು ನೀರಿನ ಲೆಕ್ಕ. ಈ ಸೀಮೆಗೆ ನೀರೊದಗಿಸುವ ಮೂಲಗಳು ಹಲವು. ಕಬಿನಿಯ ಬಲದಂಡೆ ನಾಲೆ, ಸುವರ್ಣಾವತಿ ಮತ್ತು ಚಿಕ್ಕಹೊಳೆ ಜಲಾಶಯಗಳು, ಕಾವೇರಿಯ ಧನಗೆರೆ ಅಣೆಕಟ್ಟು, ಗುಂಡಾಲ್ ಮತ್ತು ಉಡುತೊರೆಹಳ್ಳದ ಜಲಾಶಯಗಳು. ಹೆಸರುಗಳ ಪಟ್ಟಿ ಉದ್ದವಾದರೂ ನೀರು ಉದ್ದವಲ್ಲ. ಕಬಿನಿ ನಾಲೆಯು ನಂಜನಗೂಡು ಮೊದಲಾದ ಮೇಲಿನ ತಾಲ್ಲೂಕುಗಳನ್ನು ದಾಟಿ ಬಂದು ಇಲ್ಲಿ ಮುಗಿಯುತ್ತದೆ. ನಾಲೆಯ ಕೊನೆಯಲ್ಲಿರುವವನಿಗೆ ಮೇಲಿನವರು ಬಿಟ್ಟದ್ದೇ ಪಾಲು. ಮಿಕ್ಕ ಜಲಾಶಯಗಳು ಚಿಕ್ಕವು. ಮಳೆಯಾದರೆ ತುಂಬುವುವು, ಆಗದಿದ್ದರೆ ಇಲ್ಲ. ಮಳೆಯೂ ವರುಷಕ್ಕೆ ಸುಮಾರು ೭೦೦–೮೦೦ ಮಿಲಿಮೀಟರು ಮಾತ್ರ. ಅದೂ ಮೇ ತಿಂಗಳಲ್ಲಿ ಒಂದಿಷ್ಟು, ಸೆಪ್ಟೆಂಬರು–ಅಕ್ಟೋಬರುಗಳಲ್ಲಿ ಹೆಚ್ಚು, ನಡುವೆ ಜೂನ್–ಜುಲೈಗಳಲ್ಲಿ ತೆಳುವು.

ಇದಕ್ಕೆ ಮೇಲಾಗಿ ಕಾವೇರಿಯ ಹಂಚಿಕೆಯ ಕಟ್ಟುಪಾಡೊಂದಿದೆ. ೨೦೧೮ನೆಯ ಇಸವಿ ಫೆಬ್ರುವರಿ ೧೬ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು ೨೮೪.೭೫ ಟಿ.ಎಂ.ಸಿ. ಅಡಿಗೆ ಏರಿಸಿ, ಸಾಧಾರಣ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ ೧೭೭.೨೫ ಟಿ.ಎಂ.ಸಿ. ಅಡಿ ನೀರು ಕೆಳರಾಜ್ಯಕ್ಕೆ ಹರಿಯಬೇಕೆಂದು ವಿಧಿಸಿತು. ಆ ಅಳತೆಯ ಠಾಣೆಯು ಮಾದಪ್ಪನ ಬೆಟ್ಟದ ಕಾಡುಗಳಿಗೆ ಸಮೀಪದಲ್ಲಿಯೇ ಇದೆಯೆಂಬುದು ವಿಚಿತ್ರವಾದರೂ ನಿಜ. ಈ ಸೀಮೆಯ ಪಕ್ಕದಲ್ಲಿಯೇ ನೀರು ಎಣಿಕೆಯಾಗಿ ಹೋಗುತ್ತದೆ. ೨೦೨೩ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಗಿ ಬಂದಾಗ, ಹಂಚಿಕೆಯ ನೀರಿಗೂ ನಿಂತ ಬೆಳೆಗೂ ನಡುವೆ ಎಷ್ಟು ತೊಡಕುಂಟೆಂಬುದನ್ನು ನಾಡೆಲ್ಲ ಕಂಡಿತು. ಮುಂದೆ ಮಳೆ ಚೆನ್ನಾಗಿ ಆದ ವರುಷಗಳು ಬಂದುವೆಂದು ಆ ಪಾಠವನ್ನು ಮರೆಯುವುದು ವಿವೇಕವಲ್ಲ.

ಇನ್ನು ಬೆಳೆಯ ಲೆಕ್ಕ. ಕಬ್ಬು ತನ್ನ ಜೀವಮಾನದಲ್ಲಿ ಒಟ್ಟು ೧,೫೦೦ರಿಂದ ೨,೫೦೦ ಮಿಲಿಮೀಟರಿನಷ್ಟು ನೀರನ್ನು ಬಯಸುತ್ತದೆಂಬುದು ಸರ್ವತ್ರ ಒಪ್ಪಿದ ಅಂದಾಜು. ನಡುವಿನ ೨,೦೦೦ ಮಿಲಿಮೀಟರನ್ನು ಹಿಡಿದರೆ ಒಂದು ಎಕರೆಗೆ ಸುಮಾರು ೮೦ ಲಕ್ಷ ಲೀಟರು ನೀರಾಯಿತು. ಎಕರೆಗೆ ೪೦ ಟನ್ನು ಕಬ್ಬು ಬಂದಿತೆಂದು ಎಣಿಸಿದರೂ ಒಂದೊಂದು ಟನ್ನಿನ ಹಿಂದೆ ಎರಡು ಲಕ್ಷ ಲೀಟರು ನೀರು ನಿಂತಿರುತ್ತದೆ. ಮಳೆಯು ಇದರಲ್ಲಿ ಮೂರನೆಯ ಒಂದು ಪಾಲನ್ನು ತುಂಬಿಕೊಟ್ಟರೆ ಹೆಚ್ಚು. ಮಿಕ್ಕದ್ದನ್ನು ನಾಲೆ ಅಥವಾ ಬಾವಿ ಕೊಡಬೇಕು.

ಆದರೆ ಒಟ್ಟು ಮೊತ್ತಕ್ಕಿಂತ ಹೊತ್ತು ಮುಖ್ಯ. ಕಬ್ಬಿನ ಬಾಳ್ವೆಯಲ್ಲಿ ನಾಲ್ಕು ಘಟ್ಟಗಳುಂಟು. ಮೊದಲ ಒಂದೂವರೆ ತಿಂಗಳು ಮೊಳಕೆ. ಆ ಬಳಿಕ ನಾಲ್ಕೈದನೆಯ ತಿಂಗಳವರೆಗೆ ತೆಂಡೆ ಒಡೆಯುವ ಕಾಲ. ಅಲ್ಲಿಂದ ಒಂಬತ್ತನೆಯ ತಿಂಗಳವರೆಗೆ ಗೆಣ್ಣು ನೀಳುವ ಭರದ ಕಾಲ. ಕೊನೆಯಲ್ಲಿ ಮಾಗುವ ಕಾಲ. ಮಾಗುವಾಗ ನೀರು ಮಿತವಾದರೆ ಕೆಡುಕಿಲ್ಲ, ಸಕ್ಕರೆಯ ಅಂಶ ಏರುತ್ತದೆ. ಭರದ ಕಾಲದಲ್ಲಿ ಕೊರತೆಯಾದರೆ ಗೆಣ್ಣುಗಳು ಗಿಡ್ಡಾಗಿ ತೂಕ ಇಳಿಯುತ್ತದೆ. ತೆಂಡೆಯ ಕಾಲದಲ್ಲಿ, ಅಂದರೆ ನೆಟ್ಟ ಎರಡರಿಂದ ಐದು ತಿಂಗಳೊಳಗೆ, ನೀರು ತಪ್ಪಿದರೆ ಮಾತ್ರ ನಷ್ಟವು ಬೇರೆಯ ತೆರನಾದದ್ದು; ಒಡೆದ ತೆಂಡೆಗಳು ಒಣಗಿ ಸಾಯುವುವು, ಒಣ ಬಿಸಿಲಿನೊಡನೆ ಸುಳಿ ಕೊರೆಯುವ ಹುಳುವೂ ಹೆಚ್ಚುವುದು, ಮುಂದೆ ಎಷ್ಟು ನೀರು ಹರಿಸಿದರೂ ಗದ್ದೆಯಲ್ಲಿ ಜಲ್ಲೆಗಳ ಸಂಖ್ಯೆ ಮೊದಲಿನಂತೆ ತುಂಬದು. ಜನವರಿ–ಫೆಬ್ರುವರಿಗಳಲ್ಲಿ ನೆಟ್ಟ ಕಬ್ಬಿಗೆ ಈ ಗಂಡಾಂತರದ ಕಾಲ ಮಾರ್ಚಿನಿಂದ ಜೂನಿನವರೆಗೆ, ಸರಿಯಾಗಿ ಬೇಸಗೆಯ ನಡುವೆ, ನಾಲೆಯ ನೀರು ಅನಿಶ್ಚಿತವಾಗಿರುವಾಗ ಬಂದು ಒದಗುತ್ತದೆ. ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ.

ಈ ಗಂಟನ್ನು ತಳಿಯಿಂದ ಎಷ್ಟರಮಟ್ಟಿಗೆ ಬಿಡಿಸಬಹುದು? ಇದಕ್ಕೆ ಉತ್ತರ ಹೇಳುವ ಮೊದಲು ನಮ್ಮ ತಳಿಗಳ ಹುಟ್ಟನ್ನು ನೆನೆಯಬೇಕು. ೧೯೧೨ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಸಂಶೋಧನಾ ಕೇಂದ್ರವು ಸ್ಥಾಪಿತವಾದಾಗ ಕೊಳ್ಳೇಗಾಲವು ಅದೇ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೂ ಹಾಗೆಯೇ ಇತ್ತು. ಆದಕಾರಣ, ಇಂದು ದೇಶದ ಉದ್ದಗಲಕ್ಕೂ "ಕೋ" ಎಂಬ ಅಂಕಿತವನ್ನು ಹೊತ್ತು ಬೆಳೆಯುತ್ತಿರುವ ಕಬ್ಬುಗಳು ಒಂದರ್ಥದಲ್ಲಿ ಈ ಸೀಮೆಯ ನೆರೆಮನೆಯ ಮಕ್ಕಳು. ಸಿ. ಎ. ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಎಂಬ ವಿದ್ವಾಂಸರು ಅಲ್ಲಿ ಮಾಡಿದ ಸಾಹಸವೇನೆಂದರೆ, ದಪ್ಪ ಜಲ್ಲೆಯ ರಸಭರಿತ ನಾಡುಕಬ್ಬನ್ನು ಹೊಳೆದಂಡೆಯಲ್ಲಿ ತಾನಾಗಿ ಬೆಳೆಯುವ ಕಾಶವೆಂಬ ಕಾಡುಹುಲ್ಲಿನೊಡನೆ ಕೂಡಿಸಿದ್ದು. ಹಾಗೆ ಹುಟ್ಟಿದ ಕೋ ೨೦೫ ಎಂಬ ತಳಿಯು ೧೯೧೮ರಲ್ಲಿ ಪಂಜಾಬಿನ ಹೊಲಗಳಿಗೆ ಹೊರಟಿತು. ಜಾವಾ ದ್ವೀಪದ ಸಕ್ಕರೆಯನ್ನು ಕೊಂಡು ತಿನ್ನುತ್ತಿದ್ದ ದೇಶವು ತನ್ನ ಸಕ್ಕರೆಯನ್ನು ತಾನೇ ಮಾಡಿಕೊಳ್ಳುವಂತಾದುದಕ್ಕೆ, ೧೯೩೨ರ ರಕ್ಷಣಾ ಸುಂಕದ ಕಾಯಿದೆಯಷ್ಟೇ ಈ ತಳಿಗಳೂ ಕಾರಣ. ಸಿಹಿಯು ನಾಡುಕಬ್ಬಿನಿಂದ ಬಂದಿತು. ಬರವನ್ನೂ ರೋಗವನ್ನೂ ತಡೆಯುವ ಗಟ್ಟಿತನವು ಆ ಹುಲ್ಲಿನಿಂದ ಬಂದಿತು.

ಆ ಬಳಿಕ ಕೋ ೪೧೯ ದಕ್ಷಿಣದ ನಾಲೆಗಳ ಕೆಳಗೆ ದಶಕಗಳ ಕಾಲ ಮೆರೆಯಿತು. ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯು ಆರಂಭವಾದ ಮೇಲೆ ಮೈಸೂರು ಸೀಮೆಯಲ್ಲಿ ಕಬ್ಬು ರಾಜಬೆಳೆಯಾಯಿತು. ಮುಂದೆ ಕೋ ೬೨೧೭೫ ಬಂದಿತು. ಬೇಗ ಮಾಗಿ ಸಕ್ಕರೆ ತುಂಬಿಕೊಳ್ಳುವ ಕೋಸಿ ೬೭೧ ಬಂದಿತು. ಅದನ್ನು ಒಂದು ಕಡೆಯ ತಾಯ್ತಂದೆಯಾಗಿ ಪಡೆದ ಕೋ ೮೬೦೩೨ ಎಂಬುದು ೨೦೦೦ದಲ್ಲಿ ಅಧಿಕೃತವಾಗಿ ಬಿಡುಗಡೆಯಾಗಿ ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ಬಹುಭಾಗದ ಹೊಲಗಳನ್ನು ಆಕ್ರಮಿಸಿತು. ಮಂಡ್ಯದ ವಿ. ಸಿ. ಫಾರಂ ಸಂಶೋಧನಾ ಕೇಂದ್ರದಿಂದಲೂ ವಿಸಿಎಫ್ ೦೫೧೭ ಮೊದಲಾದ ತಳಿಗಳು ಹೊರಬಂದಿವೆ.

ಇವುಗಳಲ್ಲಿ "ಬರ ತಾಳುವ ತಳಿ" ಯಾವುದೆಂದು ರೈತನು ಕೇಳುತ್ತಾನೆ. ಮಾತು ನ್ಯಾಯವಾದದ್ದೇ, ಆದರೆ ಆ ಮಾತಿನೊಳಗೆ ಮೂರು ಬೇರೆ ಬೇರೆ ಗುಣಗಳು ಅಡಗಿವೆ. ಒಂದು, ಬರದಿಂದ ತಪ್ಪಿಸಿಕೊಳ್ಳುವುದು. ಹತ್ತು ತಿಂಗಳಿಗೆ ಮಾಗುವ ಕೋ ೮೫೦೦೪ರಂಥ ಬೇಗಿನ ತಳಿಗೆ ಹನ್ನೆರಡು ತಿಂಗಳ ತಳಿಗಿಂತ ಕೆಲವು ತಡಿ ನೀರು ಕಡಮೆ ಸಾಕು. ಎರಡು, ಬರವನ್ನು ಸಹಿಸುವುದು. ಬೇರನ್ನು ಆಳಕ್ಕಿಳಿಸಿ, ಎಲೆಯನ್ನು ಸುರುಳಿ ಸುತ್ತಿ, ಪತ್ರರಂಧ್ರಗಳನ್ನು ಮುಚ್ಚಿ ನೀರನ್ನು ಹಿಡಿದಿಡುವ ಶಕ್ತಿಯಿದು. ಮೂರು, ಬರ ಕಳೆದ ಮೇಲೆ ಚೇತರಿಸಿಕೊಳ್ಳುವುದು. ನೀರು ಮುಟ್ಟಿದ ಕೂಡಲೆ ಹಸಿರೇರಿ, ಕಳೆದ ದಿನಗಳನ್ನು ಹಿಂದಿಕ್ಕಿ ನುಗ್ಗುವ ಶಕ್ತಿ. ಒಂದು ತಳಿಯಲ್ಲಿ ಈ ಮೂರೂ ಸಮನಾಗಿರುವುದು ಅಪರೂಪ. ಮಾತ್ರವಲ್ಲ, ಸಹನೆಗೂ ಬೆಲೆಯುಂಟು. ನೀರಾವಿ ಹೊರಹೋಗುವ ರಂಧ್ರದಿಂದಲೇ ಇಂಗಾಲಾಮ್ಲ ವಾಯುವೂ ಒಳಗೆ ಬರಬೇಕಾದುದರಿಂದ, ಬಾಗಿಲು ಮುಚ್ಚಿದ ಗಿಡವು ನೀರನ್ನು ಉಳಿಸಿಕೊಂಡರೂ ಸಕ್ಕರೆಯನ್ನು ಕಟ್ಟಲಾರದು. ಬದುಕಿರುವ ಕಬ್ಬು ಬೇರೆ, ಬೆಳೆಯುತ್ತಿರುವ ಕಬ್ಬು ಬೇರೆ. ನೀರಿಲ್ಲದೆ ಬೆಳೆಯುವ ಕಬ್ಬು ಯಾವ ಕೇಂದ್ರದಲ್ಲಿಯೂ ಹುಟ್ಟಿಲ್ಲ. ಹುಟ್ಟಿದೆಯೆಂದು ಯಾರಾದರೂ ಬಿತ್ತನೆ ಮಾರಲು ಬಂದರೆ ರೈತರು ನಂಬತಕ್ಕದ್ದಲ್ಲ.

ಹಾಗಾದರೆ ಆಯ್ಕೆ ಮಾಡುವುದು ಹೇಗೆ? ಉದಾಹರಣೆಗಾಗಿ ಎರಡು ತಳಿಗಳನ್ನು ಊಹಿಸಿಕೊಳ್ಳೋಣ. ಅಂಕಿಗಳು ಕೇವಲ ಕಲ್ಪಿತ. ನೀರು ಪೂರ್ಣವಾಗಿ ದೊರೆತ ವರ್ಷದಲ್ಲಿ ಮೊದಲನೆಯದು ಎಕರೆಗೆ ೫೦ ಟನ್ನು, ಎರಡನೆಯದು ೪೨ ಟನ್ನು ಕೊಡುವುದೆನ್ನೋಣ. ನೀರು ತಪ್ಪಿದ ವರ್ಷದಲ್ಲಿ ಮೊದಲನೆಯದು ೨೨, ಎರಡನೆಯದು ೩೦. ಐದು ವರ್ಷಗಳಲ್ಲಿ ಎರಡು ವರ್ಷ ಮಾತ್ರ ನೀರು ತಪ್ಪಿದರೆ ಮೊದಲನೆಯದರಿಂದ ೧೯೪ ಟನ್ನು, ಎರಡನೆಯದರಿಂದ ೧೮೬ ಟನ್ನು, ಮೊದಲನೆಯದೇ ಮೇಲು. ಮೂರು ವರ್ಷ ತಪ್ಪಿದರೆ ೧೬೬ಕ್ಕೆ ಪ್ರತಿಯಾಗಿ ೧೭೪, ಎರಡನೆಯದು ಮೇಲಾಯಿತು. ಅಂದಮೇಲೆ "ಉತ್ತಮ ತಳಿ" ಎಂಬುದು ತಳಿಯ ಗುಣವಷ್ಟೇ ಅಲ್ಲ, ನಾಲೆಯ ಮೇಲೆ ಜಮೀನು ಇರುವ ಸ್ಥಳದ ಗುಣವೂ ಹೌದು. ನಾಲೆಯ ತಲೆಯಲ್ಲಿರುವವನಿಗೆ ಒಪ್ಪುವುದು ಕೊನೆಯಲ್ಲಿರುವವನಿಗೆ ಒಪ್ಪದು. ಇನ್ನೊಂದು ಮಾತು: ಬಡ ಒಕ್ಕಲಿಗನು ಐದು ವರ್ಷಗಳ ಸರಾಸರಿಯಲ್ಲಿ ಬದುಕುವವನಲ್ಲ. ೨೨ ಟನ್ನು ಬಂದ ವರ್ಷವೇ ಅವನು ಸಾಲಗಾರನ ಬಾಗಿಲಿಗೆ ಹೋಗುವ ವರ್ಷ. ಆದ್ದರಿಂದ ಮೊತ್ತ ಸ್ವಲ್ಪ ಕಡಮೆಯಾದರೂ ಕೆಟ್ಟ ವರ್ಷದಲ್ಲಿ ಕೈಬಿಡದ ತಳಿಯೇ ಅವನಿಗೆ ಹಿತ.

ಈ ಲೆಕ್ಕವನ್ನು ರೈತನು ತಾನೇ ಮಾಡಿಕೊಳ್ಳಬೇಕಾದರೆ ಅವನಿಗೆ ಕಲ್ಪಿತ ಅಂಕಿಗಳು ಸಾಲವು, ತನ್ನ ನೆಲದ ನಿಜ ಅಂಕಿಗಳು ಬೇಕು. ತಳಿಗಳ ಪರೀಕ್ಷೆಯು ಸಾಮಾನ್ಯವಾಗಿ ಸಂಶೋಧನಾ ಕೇಂದ್ರಗಳ ಸಮೃದ್ಧ ಹೊಲಗಳಲ್ಲಿ ನಡೆಯುತ್ತದೆ. ಮಂಡ್ಯದ ನಾಲೆಯ ನೆಲದಲ್ಲಿ ಬಂದ ಫಲವನ್ನು ಹನೂರಿನ ಕೆಂಪು ಮಣ್ಣಿಗೆ ಹಾಗೆಯೇ ಅನ್ವಯಿಸುವುದು ಸಲ್ಲದು. ಯಳಂದೂರಿನ ಕಪ್ಪು ಮಣ್ಣು ನೀರನ್ನು ಹೆಚ್ಚು ದಿನ ಹಿಡಿದಿಟ್ಟುಕೊಳ್ಳುತ್ತದೆ. ಹನೂರಿನ ಕೆಂಪು ಮಣ್ಣು ಬೇಗ ಬಿಟ್ಟುಕೊಡುತ್ತದೆ. ಹತ್ತು ದಿನಕ್ಕೊಮ್ಮೆ ನೀರು ಕಟ್ಟಿದರೆ ಒಂದರಲ್ಲಿ ನಳನಳಿಸುವ ತಳಿಯು ಮತ್ತೊಂದರಲ್ಲಿ ಬಾಡುವುದರಲ್ಲಿ ಆಶ್ಚರ್ಯವಿಲ್ಲ.

ಮತ್ತೊಂದು ಅಪಾಯವನ್ನೂ ಇಲ್ಲಿಯೇ ಹೇಳಬೇಕು. ಒಂದು ತಳಿ ಒಳ್ಳೆಯದೆಂದು ಸೀಮೆಯೆಲ್ಲ ಅದೊಂದನ್ನೇ ನೆಡುವುದು ಮನೆಯ ಹಣವನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟಂತೆ. ಕೋಸಿ ೬೭೧ಕ್ಕೆ ಕೆಂಪು ಕೊಳೆ ರೋಗ ತಗುಲಿ ಅದರ ವೈಭವ ಇಳಿಯಿತು; ಉತ್ತರ ಪ್ರದೇಶದಲ್ಲಿ ಅದ್ಭುತವಾಗಿ ಹಬ್ಬಿದ್ದ ಕೋ ೦೨೩೮ನ್ನು ಇತ್ತೀಚಿನ ವರ್ಷಗಳಲ್ಲಿ ಅದೇ ರೋಗವು ಹೊಡೆಯಿತು. ಬರದಿಂದ ಬಳಲಿದ ಗಿಡಕ್ಕೆ ರೋಗವೂ ಕೀಟವೂ ಸುಲಭವಾಗಿ ತಗುಲುವುದುಂಟು. ನಮ್ಮ ಸೀಮೆಯಲ್ಲಿ ಕೋ ೮೬೦೩೨ರ ಮೇಲೆ ಇಟ್ಟಿರುವ ಭಾರವನ್ನು ಎರಡು ಮೂರು ತಳಿಗಳಿಗೆ ಹಂಚುವುದು ದೂರದೃಷ್ಟಿಯ ಮಾತು.

ಇಷ್ಟೆಲ್ಲ ಆದರೂ ಮಿತ ನೀರಿನ ತಳಿಯನ್ನು ನೆಡುವವನಿಗೆ ಪ್ರತಿಫಲವೇನು? ಕೇಂದ್ರ ಸರಕಾರವು ೨೦೨೫–೨೬ನೆಯ ಹಂಗಾಮಿಗೆ ಶೇಕಡಾ ೧೦.೨೫ ಸಕ್ಕರೆ ಇಳುವರಿಯ ಕಬ್ಬಿಗೆ ಕ್ವಿಂಟಲಿಗೆ ೩೫೫ ರೂಪಾಯಿನ ನ್ಯಾಯಬೆಲೆಯನ್ನು ಗೊತ್ತುಮಾಡಿತು. ಬೆಲೆಯು ತೂಕವನ್ನು ನೋಡುತ್ತದೆ, ಸಕ್ಕರೆಯ ಅಂಶವನ್ನು ನೋಡುತ್ತದೆ, ನೀರನ್ನು ನೋಡುವುದಿಲ್ಲ. ಮೇಲೆ ಹೇಳಿದ ಲೆಕ್ಕದಂತೆ ಒಂದು ಟನ್ನಿಗೆ ಎರಡು ಲಕ್ಷ ಲೀಟರು ನೀರಾದರೆ, ಸಾವಿರ ಲೀಟರು ನೀರಿನಿಂದ ಹದಿನೆಂಟು ರೂಪಾಯಿಗೆ ಮೀರದ ಕಬ್ಬು ಬಂದಂತಾಯಿತು. ನೀರನ್ನು ಉಳಿಸಿದವನಿಗೆ ಒಂದು ಕಾಸೂ ಇಲ್ಲ, ಚೆಲ್ಲಿದವನಿಗೆ ಒಂದು ಕಾಸಿನ ದಂಡವೂ ಇಲ್ಲ. ಇಂಥ ವ್ಯವಸ್ಥೆಯಲ್ಲಿ ರೈತನು ತೂಕದ ತಳಿಯನ್ನೇ ಹುಡುಕಿದರೆ ಅವನನ್ನು ದೂರುವುದು ಅನ್ಯಾಯ. ೨೦೨೫ರ ನವೆಂಬರಿನಲ್ಲಿ ಬೆಳಗಾವಿಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಬೀದಿಗಿಳಿದುದು ಬೆಲೆಗಾಗಿ. ಆ ಹೋರಾಟದಲ್ಲಿಯೂ ನೀರಿನ ಮಾತು ಮುಂದಕ್ಕೆ ಬರಲಿಲ್ಲ. ಬರಲು ಕಾರಣವೂ ಇರಲಿಲ್ಲ.

ಕಾರ್ಖಾನೆಗೆ ಕಬ್ಬು ಬೇಡವೇ, ಬೇರೆ ಯಾವ ಬೆಳೆಗೆ ಇಷ್ಟು ನಿಶ್ಚಿತ ಕೊಳ್ಳುವವನಿದ್ದಾನೆ ಎಂದು ಕೇಳುವವರುಂಟು. ಅದು ತೂಕದ ಆಕ್ಷೇಪವೆಂಬುದನ್ನು ನಾವು ಒಪ್ಪುತ್ತೇವೆ. ಕುಂತೂರಿನ ಕಾರ್ಖಾನೆಯೂ ನಂಜನಗೂಡು ತಾಲ್ಲೂಕಿನ ಅಳಗಂಚಿಯ ಕಾರ್ಖಾನೆಯೂ ಇರುವ ಕಾರಣದಿಂದಲೇ, ರಾಗಿಯ ಬೆಲೆ ಕುಸಿದಾಗ ಮನೆಯ ಮದುವೆ, ಮಕ್ಕಳ ಓದುಗಳು ಕಬ್ಬಿನ ಹಣದಿಂದ ನಡೆಯುತ್ತವೆ. ಕಬ್ಬನ್ನು ಬಿಡಿರೆಂದು ಪೇಟೆಯಲ್ಲಿ ಕುಳಿತು ಉಪದೇಶಿಸುವುದು ಸುಲಭ. ನಮ್ಮ ವಾದ ಅದಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನೀರಿಗೂ ಅನ್ವಯಿಸಬೇಕೆಂಬುದಷ್ಟೇ ನಮ್ಮ ವಾದ. ನಾಲೆಯ ನೀರು ತಲಪುವ ಕಡೆ ಕಬ್ಬು ಇರಲಿ. ಕೊಳವೆ ಬಾವಿಯೊಂದನ್ನೇ ನಂಬಿ ಕಾಡಂಚಿನವರೆಗೆ ಅದನ್ನು ಎಳೆದುಕೊಂಡು ಹೋಗುವುದು ಬೇಡ. ಅಲ್ಲಿ ಬಾವಿ ಬತ್ತಿದರೆ ಸಾಲ, ಬತ್ತದಿದ್ದರೆ ಆನೆ. ೨೦೧೩ರಲ್ಲಿ ವನ್ಯಜೀವಿ ಧಾಮವೆಂದು ಸಾರಲಾದ ಆ ಮಲೆಗಳ ಅಂಚಿನಲ್ಲಿ ಹಸಿರು ಕಬ್ಬು ಆನೆಗಳಿಗೆ ಕೊಟ್ಟ ಕರೆಯೋಲೆಯೇ ಸರಿ.

ಆದಕಾರಣ ಸರಕಾರದವರೂ ಕಾರ್ಖಾನೆಯವರೂ ಮಾಡತಕ್ಕ ಕೆಲಸಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಮತ್ತು ಮಂಡ್ಯದ ಸಂಶೋಧನಾ ಕೇಂದ್ರಗಳ ಮೇಲ್ವಿಚಾರಣೆಯಲ್ಲಿ ಯಳಂದೂರು, ಕೊಳ್ಳೇಗಾಲ, ಹನೂರು ತಾಲ್ಲೂಕುಗಳ ರೈತರ ಹೊಲಗಳಲ್ಲಿಯೇ ತಳಿಗಳ ಪರೀಕ್ಷೆ ನಡೆಯಬೇಕು. ಪ್ರತಿಯೊಂದು ತಳಿಯನ್ನೂ ಪೂರ್ಣ ನೀರು, ಮುಕ್ಕಾಲು ನೀರು, ಅರ್ಧ ನೀರು ಎಂಬ ಮೂರು ಕ್ರಮಗಳಲ್ಲಿ, ಹೊಸ ನೆಡುವಿಕೆಯಲ್ಲಿಯೂ ಕೂಳೆಯಲ್ಲಿಯೂ, ಕನಿಷ್ಠ ಮೂರು ವರ್ಷ ನೋಡಬೇಕು. ಬೇಸಗೆಯ ಮುನ್ನ ನೆಟ್ಟುದಕ್ಕೂ ನಾಲೆಗೆ ನೀರು ಬಂದ ಮೇಲೆ ಜುಲೈ–ಆಗಸ್ಟಿನಲ್ಲಿ ನೆಟ್ಟುದಕ್ಕೂ ಇರುವ ವ್ಯತ್ಯಾಸವನ್ನೂ ಅಳೆಯಬೇಕು. ತಡವಾಗಿ ನೆಟ್ಟರೆ ತೆಂಡೆಯ ಕಾಲವು ಹಿಂಗಾರು ಮಳೆಗೆ ಒದಗುತ್ತದೆ, ಆದರೆ ಭರದ ಕಾಲವು ಮುಂದಿನ ಬೇಸಗೆಗೆ ಸಿಕ್ಕಿಬೀಳುತ್ತದೆ. ಯಾವ ಕೊರತೆಯನ್ನು ಯಾವ ತಳಿ ತಾಳುವುದೆಂಬುದನ್ನು ತರ್ಕವಲ್ಲ, ಹೊಲವೇ ಹೇಳಬೇಕು. ಬಂದ ಫಲವನ್ನು ಕಡತದಲ್ಲಿ ಹುದುಗಿಸದೆ ಕನ್ನಡದಲ್ಲಿ ಅಚ್ಚುಮಾಡಿಸಿ ಪ್ರತಿಯೊಂದು ಪಂಚಾಯತಿಯ ಗೋಡೆಗೂ ಅಂಟಿಸಬೇಕು.

ಎರಡನೆಯದಾಗಿ, ನಾಲೆಗೆ ನೀರು ಬಿಡುವ ದಿನಗಳನ್ನು ನೆಡುವ ಮುನ್ನವೇ ಪ್ರಕಟಿಸಬೇಕು. ಬೇಸಗೆಯಲ್ಲಿ ಎರಡು ಕಟ್ಟು ನೀರು ಮಾತ್ರ ಸಾಧ್ಯವಾದರೆ ಹಾಗೆಂದೇ ಸಾರಲಿ. ಆ ಎರಡು ಕಟ್ಟು ತೆಂಡೆಯ ಕಾಲಕ್ಕೆ ಬೀಳುವಂತೆ ರೈತನು ನೆಡುವನು. ನಿಶ್ಚಿತವಾದ ಅಲ್ಪ ನೀರು ಅನಿಶ್ಚಿತವಾದ ಬಹಳ ನೀರಿಗಿಂತ ಮೇಲು.

ಮೂರನೆಯದಾಗಿ, ತಳಿಯೊಡನೆ ಬೇಸಾಯದ ಕ್ರಮವೂ ಹೋಗಬೇಕು. ಬಿತ್ತನೆಯ ತುಂಡುಗಳನ್ನು ಸುಣ್ಣದ ತಿಳಿನೀರಿನಲ್ಲಿ ಒಂದು ಗಂಟೆ ನೆನೆಸಿ ನೆಡುವುದು, ಒಣಸೋಗೆಯನ್ನು ಸುಡದೆ ಸಾಲುಗಳಲ್ಲಿ ಹಾಸುವುದು, ಸಾಲು ಬಿಟ್ಟು ಸಾಲಿಗೆ ನೀರು ಕಟ್ಟುವುದು, ಕೊರತೆ ತೀವ್ರವಾದಾಗ ಶೇಕಡಾ ೨.೫ರ ಯೂರಿಯಾ ಮತ್ತು ಪೊಟ್ಯಾಷ್ ದ್ರಾವಣವನ್ನು ಎಲೆಗೆ ಸಿಂಪಡಿಸುವುದು—ಇವೆಲ್ಲ ಕೃಷಿ ವಿದ್ಯಾಲಯಗಳು ಬಹುಕಾಲದಿಂದ ಹೇಳುತ್ತಿರುವ, ಹೆಚ್ಚು ಖರ್ಚಿಲ್ಲದ ಉಪಾಯಗಳು. ಹನಿ ನೀರಾವರಿಯು ಹೆಚ್ಚು ಖರ್ಚಿನದಾದರೂ ನೀರನ್ನು ಗಣನೀಯವಾಗಿ ಉಳಿಸುತ್ತದೆ. ಅದರ ಸಹಾಯಧನವು ಮೊದಲು ನಾಲೆಯ ಕೊನೆಯವನಿಗೆ ಸಲ್ಲಬೇಕು.

ನಾಲ್ಕನೆಯದಾಗಿ, ಕಾರ್ಖಾನೆಯವರು ರೋಗರಹಿತ ಬಿತ್ತನೆಯನ್ನು ಒದಗಿಸಬೇಕು. ಬರದ ವರ್ಷದಲ್ಲಿ ಒಣಗುತ್ತಿರುವ ಹೊಲಗಳಿಗೆ ಕಡಿಯುವ ಆದೇಶವನ್ನು ಮೊದಲು ಕೊಡಬೇಕು. ಆದೇಶಕ್ಕಾಗಿ ಕಾದು ನಿಂತ ಕಬ್ಬು ದಿನದಿನಕ್ಕೂ ತೂಕ ಕಳೆದುಕೊಳ್ಳುತ್ತದೆ. ಆ ನಷ್ಟವನ್ನು ಯಾವ ತಳಿಯೂ ತಡೆಯಲಾರದು.

ಕಾವೇರಿಯ ನಮ್ಮ ಪಾಲಿಗಾಗಿ ನ್ಯಾಯಾಲಯಗಳಲ್ಲಿ ವಾದಿಸುವುದು ಅಗತ್ಯ. ನಾವು ಅದರಲ್ಲಿ ಹಿಂದೆಗೆಯಬಾರದು. ಆದರೆ ದೊರೆತ ನೀರಿನ ಪ್ರತಿಯೊಂದು ಹನಿಯನ್ನೂ ಹೇಗೆ ಬಳಸಿದೆವೆಂಬ ಲೆಕ್ಕವನ್ನು ಕೈಯಲ್ಲಿ ಹಿಡಿದು ಹೋಗುವವನ ವಾದಕ್ಕೆ ಬಲ ಹೆಚ್ಚು. ನೂರಕ್ಕೂ ಮಿಕ್ಕ ವರ್ಷಗಳ ಹಿಂದೆ ವಿದ್ವಾಂಸರು ಕಾಡುಹುಲ್ಲಿನ ಗಟ್ಟಿತನವನ್ನು ಕಬ್ಬಿನೊಳಗೆ ಸೇರಿಸಿ ತಮ್ಮ ಕರ್ತವ್ಯವನ್ನು ಮಾಡಿದರು. ಆ ಗಟ್ಟಿತನವನ್ನು ಸರಿಯಾದ ನೆಲಕ್ಕೆ, ಸರಿಯಾದ ಹೊತ್ತಿಗೆ ಹೊಂದಿಸುವ ಕೆಲಸವು ಆಡಳಿತದವರದು. ಮುಂದಿನ ಬರವು ಎಂದು ಬರುವುದೆಂದು ಯಾರೂ ಬಲ್ಲವರಿಲ್ಲ. ಬರುವುದೆಂಬುದು ಮಾತ್ರ ನಿಶ್ಚಯ. ಅಷ್ಟರೊಳಗೆ ಮೂರು ತಾಲ್ಲೂಕುಗಳಲ್ಲಿ ಮೂರು ಪರೀಕ್ಷಾ ಹೊಲಗಳನ್ನಾದರೂ ಹೂಡುವುದು ಸರಕಾರಕ್ಕೆ ಭಾರವಾದ ಕೆಲಸವಲ್ಲ. ಬರುವ ನೆಡುವ ಕಾಲಕ್ಕೇ ಅದು ಆರಂಭವಾಗಲಿ.